ಕರಟದ ಇದ್ದಿಲಿನಿಂದ ನೀರಿನ ಬಣ್ಣ ತೆಗೆಯುವುದು: ಅಡ್ಸಾರ್ಪ್ಷನ್ ಪ್ರಯೋಗಕ್ಕೆ ಸಮಗ್ರ ಮಾರ್ಗದರ್ಶಿ

ಎಂಎಸ್ಸಿ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ಸಾಲು ಖಾಯಂ: "ನಮ್ಮ ಇದ್ದಿಲು ಶೇ 99ರಷ್ಟು ಬಣ್ಣ ತೆಗೆಯಿತು." ಸಂತೋಷ. ಆದರೆ ಎಷ್ಟು ನೀರಿಗೆ ಎಷ್ಟು ಇದ್ದಿಲು ಹಾಕಿದಿರಿ? ಒಂದು ಬಕೆಟ್ ಇದ್ದಿಲಿಗೆ ಒಂದು ಲೋಟ ನೀರು ಸುರಿದರೆ ಯಾವ ಬಣ್ಣವಾದರೂ ಹೋಗುತ್ತದೆ, ಅಲ್ವಾ?

ಒಂದು ಸಣ್ಣ ಲೆಕ್ಕ ನೋಡಿ. ಲೀಟರಿಗೆ 50 ಮಿಲಿಗ್ರಾಂ ಬಣ್ಣ ಇರುವ 50 ಮಿಲಿ ನೀರು ತಗೊಂಡಿರಿ ಅನ್ನೋಣ. ಅದಕ್ಕೆ 0.05 ಗ್ರಾಂ ಇದ್ದಿಲು ಹಾಕಿದಾಗ ಕೊನೆಗೆ ಲೀಟರಿಗೆ 4 ಮಿಲಿಗ್ರಾಂ ಬಣ್ಣ ಉಳಿಯಿತು. ಅಂದರೆ ಶೇ 92 ಹೋಯಿತು. ಇನ್ನೊಂದು ಫ್ಲಾಸ್ಕಿಗೆ ಹತ್ತು ಪಟ್ಟು, 0.5 ಗ್ರಾಂ ಹಾಕಿದಿರಿ. 0.4 ಮಿಲಿಗ್ರಾಂ ಉಳಿಯಿತು. ಶೇ 99.2 ಹೋಯಿತು. ಎರಡನೆಯದೇ ಚೆನ್ನಾಗಿದೆ ಅನಿಸುತ್ತದೆ. ಈಗ ಒಂದು ಗ್ರಾಂ ಇದ್ದಿಲು ಎಷ್ಟು ಬಣ್ಣ ಹಿಡಿಯಿತು ಅಂತ ಕೇಳಿ. ಮೊದಲನೆಯದು 46 ಮಿಲಿಗ್ರಾಂ, ಎರಡನೆಯದು 5 ಮಿಲಿಗ್ರಾಂ ಕೂಡ ಇಲ್ಲ. ಶೇಕಡಾ ಏರಿತು, ಇದ್ದಿಲು ಮಾತ್ರ ದಂಡವಾಯಿತು.

ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಆ ಲೆಕ್ಕದ ಮೇಲೆಯೇ. ಆರಂಭದ ಬಣ್ಣದಿಂದ ಉಳಿದ ಬಣ್ಣ ಕಳೆಯಿರಿ, ನೀರಿನ ಪ್ರಮಾಣವನ್ನು ಲೀಟರಿನಲ್ಲಿ ಗುಣಿಸಿ, ಇದ್ದಿಲಿನ ತೂಕದಿಂದ ಭಾಗಿಸಿ. ಬರುವುದು ಗ್ರಾಂಗೆ ಇಷ್ಟು ಮಿಲಿಗ್ರಾಂ ಎಂಬ ಅಂಕಿ. ಪುಸ್ತಕಗಳಲ್ಲಿ ಇದನ್ನು ಕ್ಯೂ ಎಂದು ಬರೆಯುತ್ತಾರೆ. ಶೇಕಡಾ ಹೇಳುವುದಾದರೆ ಇದರ ಜೊತೆಗೇ ಹೇಳಿ.

ಮೊದಲು ಜೋಡಿ ಸರಿ ಇದೆಯಾ ನೋಡಿ

ಅಡ್ಸಾರ್ಪ್ಷನ್ ಅಂದರೆ ನೀರಿನಲ್ಲಿ ಕರಗಿರುವ ವಸ್ತು ಒಂದು ಘನವಸ್ತುವಿನ ಮೈಗೆ ಅಂಟಿಕೊಳ್ಳುವುದು. ಸ್ಪಂಜು ನೀರು ಕುಡಿದ ಹಾಗಲ್ಲ, ಎಲ್ಲ ನಡೆಯುವುದು ಮೈಮೇಲೆ. ಹಾಗಾಗಿ ಮೈ ಎಷ್ಟಿದೆ, ಅದರ ಮೇಲೆ ಯಾವ ವಿದ್ಯುದಂಶ ಇದೆ ಎಂಬುದೇ ಮುಖ್ಯ. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಟೊಬಿಯಾಸ್ ಲೋವಿಟ್ಸ್ ಎಂಬ ರಸಾಯನಶಾಸ್ತ್ರಜ್ಞ ಇದ್ದಿಲು ದ್ರಾವಣದ ಬಣ್ಣ ತೆಗೆಯುತ್ತದೆ ಎಂದು ಕಂಡುಕೊಂಡ. ನಾವು ಇವತ್ತಿಗೂ ಮಾಡುತ್ತಿರುವುದು ಅದನ್ನೇ, ಅಳತೆ ಮಾತ್ರ ಚುರುಕಾಗಿದೆ.

ಕಾಲೇಜು ಲ್ಯಾಬಿಗೆ ನನ್ನ ಸಲಹೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಮತ್ತು ಕರಟದ ಇದ್ದಿಲು. ಬಣ್ಣ ಕಣ್ಣಿಗೆ ಕಾಣುತ್ತದೆ, ಅದು ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯಲು ಸಾಧಾರಣ ಸ್ಪೆಕ್ಟ್ರೋಫೋಟೋಮೀಟರ್ ಸಾಕು, ಕರಟ ತಿಪಟೂರು ಅರಸೀಕೆರೆ ಕಡೆ ರಾಶಿ ರಾಶಿ ಸಿಗುತ್ತದೆ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮೆಥಿಲೀನ್ ಬ್ಲೂ ಧನ ವಿದ್ಯುದಂಶದ ಬಣ್ಣ. ಹತ್ತಿ ನೂಲಿಗೆ ಈಗ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಡೈಗಳು ಋಣ ವಿದ್ಯುದಂಶದವು. ರೇಷ್ಮೆಗೆ ಹಾಕುವ ಆಸಿಡ್ ಡೈಗಳೂ ಅಷ್ಟೇ. ಮೆಥಿಲೀನ್ ಬ್ಲೂ ಮೇಲೆ ಕೆಲಸ ಮಾಡಿ "ಬಟ್ಟೆ ಕಾರ್ಖಾನೆಯ ನೀರಿಗೆ ಪರಿಹಾರ ಸಿಕ್ಕಿತು" ಎಂದು ಬರೆದರೆ ಅದು ಸುಮ್ನೆ ಮಾತು. ಒಂದನ್ನು ಚೆನ್ನಾಗಿ ಹಿಡಿಯುವ ಇದ್ದಿಲು ಇನ್ನೊಂದನ್ನು ಮುಟ್ಟದೇ ಇರಬಹುದು. ನಿಮ್ಮ ಊರಿನ ಡೈಯಿಂಗ್ ನೀರಿನ ಬಗ್ಗೆ ಹೇಳಬೇಕಿದ್ದರೆ ಅಲ್ಲಿ ಬಳಸುವ ಬಣ್ಣವನ್ನೇ ಕೇಳಿ ತನ್ನಿ.

ಇದ್ದಿಲು ಮಾಡುವುದು

ಕರಟದ ನಾರು ಕೆರೆದು ತೆಗೆಯಿರಿ. ಒಳಗೆ ಅಂಟಿದ ಕಾಯಿಯ ಚೂರು ಇದ್ದರೆ ಅದನ್ನೂ ತೆಗೆಯಬೇಕು, ಎಣ್ಣೆ ಅಂಶ ಉಳಿದರೆ ತೊಂದರೆ. ತೊಳೆದು, 105 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ. ಸುತ್ತಿಗೆಯಿಂದ ಒಡೆದು, ಆಮೇಲೆ ಮಿಕ್ಸರಿಗೋ ಗ್ರೈಂಡರಿಗೋ ಹಾಕಿ. ಮನೆ ಮಿಕ್ಸರಿಗೆ ಮಾತ್ರ ಬೇಡ, ಬ್ಲೇಡ್ ಹೋಗುತ್ತದೆ.

ಈಗ 20 ಗ್ರಾಂ ಒಣ ಪುಡಿ ತೂಗಿ. ಪುಡಿಯಷ್ಟೇ ತೂಕದ ಫಾಸ್ಫಾರಿಕ್ ಆಸಿಡ್ ಬೇಕು. ಬಾಟಲಿಯಲ್ಲಿ ಸಿಗುವುದು ಶೇ 85ರದ್ದು, ಹಾಗಾಗಿ ಸುಮಾರು 14 ಮಿಲಿ ಆಗುತ್ತದೆ. ಅಷ್ಟೇ ನೀರಿಗೆ ಆಸಿಡನ್ನು ನಿಧಾನಕ್ಕೆ ಸೇರಿಸಿ. ಆಸಿಡ್‌ಗೆ ನೀರು ಸುರಿಯಬೇಡಿ. ಪುಡಿಯನ್ನು ಇದರಲ್ಲಿ ರಾತ್ರಿ ನೆನೆಸಿಡಿ. ಬೆಳಗ್ಗೆ 110 ಡಿಗ್ರಿಯಲ್ಲಿ ಒಣಗಿಸಿದರೆ ಕಪ್ಪಗೆ, ಅಂಟಂಟಾಗಿ ಕಾಣುತ್ತದೆ. ಅದು ಸರಿಯಾಗಿಯೇ ಇದೆ, ಗಾಬರಿ ಬೇಡ.

ಮುಚ್ಚಳ ಇರುವ ಕ್ರೂಸಿಬಲ್‌ಗೆ ಒತ್ತಿ ತುಂಬಿ, ಮಫಲ್ ಫರ್ನೇಸ್‌ನಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ 450ರಿಂದ 500 ಡಿಗ್ರಿವರೆಗೆ ಏರಿಸಿ ಒಂದು ಗಂಟೆ ಇಡಿ. ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಈ ಕೆಲಸ ಬೇಡ. ಇಲ್ಲಿ ಎಲ್ಲರಿಗೂ ಅವಸರ. ಫರ್ನೇಸ್ ಬಿಸಿ ಇರುವಾಗಲೇ ಮುಚ್ಚಳ ತೆಗೆದರೆ ಗಾಳಿ ತಾಗಿ ಇದ್ದಿಲು ಉರಿದು ಬೂದಿಯಾಗುತ್ತದೆ. ಪೂರ್ತಿ ತಣ್ಣಗಾಗಲು ಬಿಡಿ.

ಕೆಲವರು ಮೊದಲು ಕರಟ ಸುಟ್ಟು ಇದ್ದಿಲು ಮಾಡಿ, ಆಮೇಲೆ ಆಸಿಡ್ ಹಾಕುತ್ತಾರೆ. ಫಾಸ್ಫಾರಿಕ್ ಆಸಿಡ್ ಕೆಲಸ ಮಾಡುವುದು ಹಸಿ ಕರಟದ ಮರದಂಶದ ಮೇಲೆ. ಸುಟ್ಟ ಮೇಲೆ ಹಾಕಿದರೆ ರಂಧ್ರಗಳು ಅಷ್ಟಾಗಿ ಹುಟ್ಟುವುದಿಲ್ಲ. ಜಿಂಕ್ ಕ್ಲೋರೈಡ್ ಬಳಸುವ ಹಳೆಯ ವಿಧಾನವೂ ಇದೆ. ಅದರ ಜಿಂಕ್ ಆಮೇಲೆ ನೀರಿಗೇ ಬಿಡುತ್ತದೆ. ನೀರು ಶುದ್ಧ ಮಾಡುವ ಕೆಲಸಕ್ಕೆ ಅದು ಬೇಡವೇ ಬೇಡ.

ಈಗ ತೊಳೆಯುವುದು. ಬೇಜಾರಿನ ಕೆಲಸ, ಆದರೆ ಅರ್ಧ ಪ್ರಾಜೆಕ್ಟ್ ಹಾಳಾಗುವುದು ಇಲ್ಲೇ. ಬಿಸಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೆ ಮತ್ತೆ ತೊಳೆಯಿರಿ. ತೊಳೆದ ನೀರಿನ ಪಿಎಚ್ ನಿಮ್ಮ ಡಿಸ್ಟಿಲ್ಡ್ ವಾಟರ್‌ನ ಪಿಎಚ್‌ಗೆ ಸಮ ಆಗುವವರೆಗೂ ಬಿಡಬೇಡಿ. ಆಸಿಡ್ ಉಳಿದರೆ ಆಮೇಲೆ ಫ್ಲಾಸ್ಕಿನ ಪಿಎಚ್ ಅದೇ ಇಳಿಸುತ್ತದೆ, ನೀವು ಇಟ್ಟ ಪಿಎಚ್ ಹೆಸರಿಗೆ ಮಾತ್ರ ಆಗುತ್ತದೆ. ತೊಳೆದದ್ದನ್ನು 105 ಡಿಗ್ರಿಯಲ್ಲಿ ಒಣಗಿಸಿ ಜರಡಿ ಹಿಡಿಯಿರಿ. 150ರಿಂದ 300 ಮೈಕ್ರಾನ್ ಪುಡಿ ಫ್ಲಾಸ್ಕ್ ಪ್ರಯೋಗಕ್ಕೆ. ಅರ್ಧದಿಂದ ಒಂದು ಮಿಲಿಮೀಟರ್ ಕಾಳು ಕಾಲಂಗೆ, ಅಂದರೆ ಇದ್ದಿಲು ತುಂಬಿ ನೀರು ಹರಿಸುವ ಕೊಳವೆಗೆ, ಬೇರೆ ಡಬ್ಬದಲ್ಲಿ ಎತ್ತಿಡಿ. ಎರಡಕ್ಕೂ ಗಾಳಿ ಹೋಗದ ಮುಚ್ಚಳ ಇರಲಿ.

ಮೈ ಎಷ್ಟಿದೆ ಎಂದು ತಿಳಿಯಲು ಬಿಇಟಿ ಪರೀಕ್ಷೆ ಬೇಕು. 1938ರಲ್ಲಿ ಬ್ರೂನಾವರ್, ಎಮ್ಮೆಟ್, ಟೆಲ್ಲರ್ ಕೊಟ್ಟ ವಿಧಾನ. ನೈಟ್ರೋಜನ್ ಅನಿಲ ಎಷ್ಟು ಅಂಟುತ್ತದೆ ಎಂದು ನೋಡಿ ಮೈ ಲೆಕ್ಕ ಹಾಕುವುದು. ಮಾರುಕಟ್ಟೆಯ ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್, ಅಂದರೆ ರಂಧ್ರ ಹುಟ್ಟಿಸಿದ ಇದ್ದಿಲು, ಒಂದು ಗ್ರಾಂಗೆ 1000 ಚದರ ಮೀಟರ್ ಆಸುಪಾಸು ಇರುತ್ತದೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್‌ಗೆ 10 ಮೀಟರ್, ಅಂಥ ಏಳೆಂಟು ಅಂಕಣ ಒಂದು ಚಿಟಿಕೆ ಪುಡಿಯೊಳಗೆ. ಈ ಪರೀಕ್ಷೆಗೆ ಸ್ಯಾಂಪಲ್ ಹೊರಗೆ ಕಳಿಸಬೇಕಾಗುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಅಯೋಡಿನ್ ನಂಬರ್ ಮಾಡಿ, ಅಂದರೆ ಒಂದು ಗ್ರಾಂ ಇದ್ದಿಲು ಎಷ್ಟು ಅಯೋಡಿನ್ ಹಿಡಿಯುತ್ತದೆ ಎಂದು ನೋಡಿ. ಥಯೋಸಲ್ಫೇಟ್, ಸ್ಟಾರ್ಚ್, ಬ್ಯುರೆಟ್ ಇದ್ದರೆ ಸಾಕು.

ಬಣ್ಣದ ದ್ರಾವಣ ಮತ್ತು ಅಳತೆಯ ಗೆರೆ

ಬಾಟಲಿ ಮೇಲಿನ ಚೀಟಿ ಓದಿ. ಬಣ್ಣದ ಅಂಶ ಶೇ 82 ಎಂದಿದ್ದರೆ ಒಂದು ಲೀಟರಿಗೆ 1000 ಮಿಲಿಗ್ರಾಂ ಸ್ಟಾಕ್ ಮಾಡಲು 1.22 ಗ್ರಾಂ ತೂಗಬೇಕು, 1 ಗ್ರಾಂ ಅಲ್ಲ. ಕೈಗವಸು ಹಾಕಿ. ಬೆರಳಿಗೆ ಹತ್ತಿದರೆ ಬೇಗ ಹೋಗುವ ಬಣ್ಣ ಅಲ್ಲ ಇದು.

ಸ್ಟಾಕ್‌ನಿಂದ ಲೀಟರಿಗೆ 0.5, 1, 2, 3, 4, 5 ಮಿಲಿಗ್ರಾಂ ದ್ರಾವಣ ಮಾಡಿ 664 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತಗೊಳ್ಳಿ. ನೇರ ಗೆರೆ ಬರಬೇಕು. ಇದಕ್ಕಿಂತ ಗಾಢ ದ್ರಾವಣವನ್ನು ನೇರವಾಗಿ ಇಡಬೇಡಿ. ಬಣ್ಣ ಜಾಸ್ತಿ ಇದ್ದಾಗ ಮೆಥಿಲೀನ್ ಬ್ಲೂ ಅಣುಗಳು ಜೋಡಿ ಜೋಡಿಯಾಗಿ ಕೂರುತ್ತವೆ, ಗೆರೆ ಬಾಗುತ್ತದೆ. ನೀರು ಬೆರೆಸಿ 5ರೊಳಗೆ ತಂದು ಅಳೆಯಿರಿ, ಆಮೇಲೆ ಗುಣಿಸಿ. ಈ ಬಣ್ಣ ಕ್ಯುವೆಟ್‌ನ ಗೋಡೆಗೂ ಅಂಟುತ್ತದೆ. ತೆಳು ದ್ರಾವಣದಿಂದ ಶುರು ಮಾಡಿ ಗಾಢದ ಕಡೆ ಹೋಗಿ, ಕೊನೆಗೆ ಎಥನಾಲ್‌ನಲ್ಲಿ ತೊಳೆಯಿರಿ.

ಬ್ಲ್ಯಾಂಕ್ ಇಲ್ಲದೆ ಒಂದು ಫ್ಲಾಸ್ಕೂ ಇಡಬೇಡಿ

ಬ್ಲ್ಯಾಂಕ್ ಅಂದರೆ ಹೋಲಿಸಿ ನೋಡಲು ಇಡುವುದು. ಗೈಡ್ ಕೇಳದಿದ್ದರೂ ಇದನ್ನು ಮಾಡಿ. ಒಂದು ಫ್ಲಾಸ್ಕಿನಲ್ಲಿ ಬಣ್ಣ ಮಾತ್ರ, ಇದ್ದಿಲು ಇಲ್ಲ. ಗಾಜು ಎಷ್ಟು ಬಣ್ಣ ಹಿಡಿಯಿತು ಎಂದು ಇದು ಹೇಳುತ್ತದೆ. ಇನ್ನೊಂದರಲ್ಲಿ ನೀರು ಮತ್ತು ಇದ್ದಿಲು ಮಾತ್ರ. ಇದ್ದಿಲಿನಿಂದ ಏನಾದರೂ ಬಿಡುತ್ತದೆಯೇ ಎಂದು ನೋಡಲು. ಮೂರನೆಯದು ಬಹಳ ಜನ ಮರೆಯುವುದು: ಫಿಲ್ಟರ್ ಪೇಪರ್. ಅದು ಸೆಲ್ಯುಲೋಸ್, ಮೆಥಿಲೀನ್ ಬ್ಲೂ ಅದಕ್ಕೆ ಚೆನ್ನಾಗಿ ಅಂಟುತ್ತದೆ. ತೆಳು ದ್ರಾವಣವನ್ನು ಪೇಪರಿನಲ್ಲಿ ಸೋಸಿದರೆ ಪೇಪರ್ ನೀಲಿಯಾಗುತ್ತದೆ, ನೀರು ತಿಳಿಯಾಗುತ್ತದೆ. ಆ ಬಣ್ಣ ಹಿಡಿದ ಪುಣ್ಯ ಇದ್ದಿಲಿನ ಲೆಕ್ಕಕ್ಕೆ ಹೋಗುತ್ತದೆ.

ಹಾಗಾಗಿ ಸೋಸಬೇಡಿ, ಸೆಂಟ್ರಿಫ್ಯೂಜ್ ಮಾಡಿ. 4000 ಆರ್‌ಪಿಎಂನಲ್ಲಿ 10 ನಿಮಿಷ, ಮೇಲಿನ ತಿಳಿಯನ್ನು ಪಿಪೆಟ್‌ನಿಂದ ಮೆಲ್ಲಗೆ ತೆಗೆಯಿರಿ. ನುಣ್ಣನೆ ಪುಡಿ ತೇಲುತ್ತಿದೆಯೇ ಎಂಬ ಅನುಮಾನ ಬಂದರೆ ಅದೇ ಸ್ಯಾಂಪಲನ್ನು 750 ನ್ಯಾನೋಮೀಟರ್‌ನಲ್ಲೂ ನೋಡಿ. ಅಲ್ಲಿ ಈ ಬಣ್ಣ ಬೆಳಕು ಹೀರುವುದಿಲ್ಲವೆಂದೇ ಹೇಳಬಹುದು. ಆದರೂ ರೀಡಿಂಗ್ ಬಂತು ಅಂದರೆ ತೇಲುತ್ತಿರುವುದು ಇದ್ದಿಲು. ಇನ್ನೊಮ್ಮೆ ತಿರುಗಿಸಿ.

ಎಷ್ಟು ಹೊತ್ತು ಬೇಕು?

100 ಮಿಲಿ ಬಿರಡೆ ಫ್ಲಾಸ್ಕು, 50 ಮಿಲಿ ದ್ರಾವಣ, 0.05 ಗ್ರಾಂ ಇದ್ದಿಲು, ಶೇಕರ್ 150 ಆರ್‌ಪಿಎಂ, ತಾಪ 30 ಡಿಗ್ರಿ. ಆರಂಭಕ್ಕೆ ಇಷ್ಟಿರಲಿ. 2, 5, 10, 20, 30, 60, 120, 240 ನಿಮಿಷ ಮತ್ತು 24 ಗಂಟೆಗೆ ಒಂದೊಂದು ಬೇರೆ ಫ್ಲಾಸ್ಕ್ ಇಡಿ. ಒಂದೇ ಫ್ಲಾಸ್ಕಿನಿಂದ ಪದೇ ಪದೇ ತೆಗೆದರೆ ನೀರು ಕಡಿಮೆಯಾಗುತ್ತದೆ, ಜೊತೆಗೆ ಇದ್ದಿಲೂ ಒಂದಷ್ಟು ಬರುತ್ತದೆ, ಲೆಕ್ಕ ಕೆಡುತ್ತದೆ. ಪ್ರತಿಯೊಂದೂ ಮೂರು ಮೂರು ಸಲ.

24 ಗಂಟೆ ಓಡಿಸುವಾಗ ನಡುವೆ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು. ಹೋದ ಹೊತ್ತು ಬರೆದಿಡಿ. ಯುಪಿಎಸ್ ಇರುವ ಶೇಕರ್ ಯಾವ ಡಿಪಾರ್ಟ್‌ಮೆಂಟಿನಲ್ಲಿದೆ ಎಂದು ಮೊದಲೇ ವಿಚಾರಿಸಿಕೊಂಡರೆ ಇನ್ನೂ ಒಳ್ಳೆಯದು. ಮೈಕ್ರೋಬಯಾಲಜಿಯವರ ಬಳಿ ಇರುವ ಸಾಧ್ಯತೆ ಜಾಸ್ತಿ.

ಸಮಯದ ಲೆಕ್ಕಕ್ಕೆ ಎರಡು ಸೂತ್ರ ಎಲ್ಲರೂ ಹಾಕುತ್ತಾರೆ. ಒಂದು 1898ರಲ್ಲಿ ಲಾಗರ್‌ಗ್ರೆನ್ ಕೊಟ್ಟದ್ದು, ಸ್ಯೂಡೋ ಫಸ್ಟ್ ಆರ್ಡರ್. ಇನ್ನೊಂದು ಹೋ ಮತ್ತು ಮ್ಯಾಕೇ 1990ರ ದಶಕದಲ್ಲಿ ಜನಪ್ರಿಯ ಮಾಡಿದ ಸ್ಯೂಡೋ ಸೆಕೆಂಡ್ ಆರ್ಡರ್. ಎರಡನೆಯದಕ್ಕೆ ಸಮಯವನ್ನು ಕ್ಯೂನಿಂದ ಭಾಗಿಸಿ, ಅದನ್ನು ಸಮಯದ ಎದುರಿಗೇ ಗ್ರಾಫ್ ಹಾಕುತ್ತಾರೆ. ಎರಡೂ ಕಡೆ ಸಮಯವೇ ಇದ್ದ ಮೇಲೆ ಗೆರೆ ನೇರ ಬರದೆ ಇನ್ನೇನು ಬಂದೀತು? ಅದಕ್ಕೇ ಪ್ರತಿ ವರದಿಯಲ್ಲೂ ಆರ್ ಸ್ಕ್ವೇರ್, ಅಂದರೆ ಗೆರೆ ಬಿಂದುಗಳಿಗೆ ಎಷ್ಟು ಚೆನ್ನಾಗಿ ಕೂತಿತು ಎಂಬ ಅಂಕಿ, 0.99 ದಾಟಿರುತ್ತದೆ. "ಆದ್ದರಿಂದ ಇದು ರಾಸಾಯನಿಕ ಬಂಧ" ಎಂದು ಮುಂದಿನ ಸಾಲು ಬರೆಯುವುದಂತೂ ಶುದ್ಧ ತಪ್ಪು. ಸೂತ್ರವನ್ನು ನೇರ ಗೆರೆಗೆ ತಿರುಗಿಸದೆ, ಎಕ್ಸೆಲ್ ಸಾಲ್ವರ್‌ನಲ್ಲೋ ಪೈಥಾನ್‌ನಲ್ಲೋ ಬಾಗಿದ ಗೆರೆಯಾಗಿಯೇ ಕೂರಿಸಿ. ಏರುತ್ತಿರುವ ಭಾಗದ ಬಿಂದುಗಳು ಹೆಚ್ಚಿರಲಿ. ಸಮತಲಕ್ಕೆ ಬಂದ ಮೇಲಿನ ಬಿಂದುಗಳಿಂದ ವೇಗದ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಪಿಎಚ್

ಇದ್ದಿಲಿನ ಮೈಮೇಲೆ ಧನ ಮತ್ತು ಋಣ ಸಮ ಇರುವ ಒಂದು ಪಿಎಚ್ ಇದೆ. ಅದನ್ನು ಮೊದಲು ಹುಡುಕಿ. 0.01 ಮೋಲಾರ್ ಉಪ್ಪಿನ ನೀರನ್ನು ಪಿಎಚ್ 2ರಿಂದ 11ರವರೆಗೆ ಬೇರೆ ಬೇರೆ ಫ್ಲಾಸ್ಕಿನಲ್ಲಿ ಇಟ್ಟು, ಪ್ರತಿಯೊಂದಕ್ಕೂ 0.1 ಗ್ರಾಂ ಇದ್ದಿಲು ಹಾಕಿ ಒಂದು ದಿನ ಅಲುಗಿಸಿ. ಎಲ್ಲಿ ಪಿಎಚ್ ಬದಲಾಗಲಿಲ್ಲವೋ ಅದೇ ಆ ಬಿಂದು. ಅದಕ್ಕಿಂತ ಕೆಳಗೆ ಮೈ ಧನ, ಮೇಲೆ ಋಣ. ಮೆಥಿಲೀನ್ ಬ್ಲೂ ಧನ ಆಗಿರುವುದರಿಂದ ಆ ಬಿಂದುವಿಗಿಂತ ಮೇಲೆ ಚೆನ್ನಾಗಿ ಅಂಟಬೇಕು. ಆಮೇಲೆ ಬಣ್ಣದ ದ್ರಾವಣದಲ್ಲಿ ಅದೇ ರೀತಿ ಪಿಎಚ್ ಬದಲಿಸಿ ನೋಡಿ. 11 ದಾಟಬೇಡಿ, ಕ್ಷಾರ ಜಾಸ್ತಿಯಾದರೆ ಬಣ್ಣವೇ ಒಡೆದು ನೇರಳೆ ಕಡೆ ತಿರುಗುತ್ತದೆ. ಪ್ರಯೋಗ ಮುಗಿದ ಮೇಲಿನ ಪಿಎಚ್ ಕೂಡ ಅಳೆದು ಬರೆಯಿರಿ.

ಐಸೋಥರ್ಮ್

ಒಂದೇ ತಾಪದಲ್ಲಿ, ನೀರಿನಲ್ಲಿ ಇಷ್ಟು ಬಣ್ಣ ಉಳಿದಾಗ ಇದ್ದಿಲು ಎಷ್ಟು ಹಿಡಿದಿದೆ ಎಂದು ತೋರಿಸುವ ಗ್ರಾಫೇ ಐಸೋಥರ್ಮ್. ನನಗೆ ಕೇಳಿದರೆ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಇದ್ದಿಲು, ತಾಪ, ಪಿಎಚ್ ಬದಲಿಸಬೇಡಿ. ಆರಂಭದ ಬಣ್ಣ ಮಾತ್ರ ಲೀಟರಿಗೆ 10, 25, 50, 100, 150, 200, 300, 400 ಮಿಲಿಗ್ರಾಂ ಎಂದು ಏರಿಸುತ್ತಾ ಹೋಗಿ. 24 ಗಂಟೆ ಅಲುಗಿಸಿ. ಉಳಿದ ಬಣ್ಣ ಅಡ್ಡ ಗೆರೆಯಲ್ಲಿ, ಕ್ಯೂ ನಿಂತ ಗೆರೆಯಲ್ಲಿ. ಗ್ರಾಫ್ ಏರಿ ಏರಿ ಒಂದು ಕಡೆ ಚಪ್ಪಟೆ ಆಗಬೇಕು. ಆಗದಿದ್ದರೆ 400ಕ್ಕೆ ನಿಲ್ಲಿಸಬೇಡಿ. ಚಪ್ಪಟೆ ಭಾಗವೇ ಕಾಣದೆ "ಗರಿಷ್ಠ ಸಾಮರ್ಥ್ಯ ಗ್ರಾಂಗೆ ಇಷ್ಟು" ಎಂದು ಬರೆದರೆ ಅದು ಸೂತ್ರ ಊಹಿಸಿದ್ದು, ನೀವು ಅಳೆದದ್ದಲ್ಲ.

ಕೂರಿಸುವ ಸೂತ್ರ ಎರಡು. ಫ್ರಾಯಿಂಡ್ಲಿಶ್ 1906ರಲ್ಲಿ ಕೊಟ್ಟದ್ದು ಅನುಭವದ ಸೂತ್ರ, ಮೈ ಎಲ್ಲ ಕಡೆ ಒಂದೇ ಥರ ಇಲ್ಲದಿದ್ದರೂ ನಡೆಯುತ್ತದೆ. ಇನ್ನೊಂದು ಅರ್ವಿಂಗ್ ಲ್ಯಾಂಗ್‌ಮ್ಯೂರ್ ಕೊಟ್ಟದ್ದು. ಅವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲ್ಯಾಬಿನಲ್ಲಿದ್ದವರು. ಬಲ್ಬಿನೊಳಗಿನ ಅನಿಲ, ಕಾದ ತಂತಿಯ ಬಗ್ಗೆ ತಲೆ ಕೆಡಿಸಿಕೊಂಡವರು ಅಲ್ಲಿಂದ ಮೇಲ್ಮೈಗಳ ಕಡೆ ತಿರುಗಿದರು. ಗಾಜು, ಅಭ್ರಕ, ಪ್ಲಾಟಿನಂ ಮೇಲೆ ಅನಿಲ ಅಂಟುವ ಬಗ್ಗೆ 1918ರಲ್ಲಿ ಬರೆದ ಪ್ರಬಂಧವನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ. 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರ ಸೂತ್ರ ಹೇಳುವುದಿಷ್ಟು: ಮೈಮೇಲೆ ಇಷ್ಟು ಜಾಗ, ಎಲ್ಲ ಒಂದೇ ಥರದ ಜಾಗ, ಒಂದು ಜಾಗಕ್ಕೆ ಒಂದೇ ಅಣು, ಮೇಲೊಂದು ಕೂರುವ ಹಾಗಿಲ್ಲ. ಕರಟದ ಇದ್ದಿಲಿನ ಒರಟು ಮೈ ಅಷ್ಟು ಶಿಸ್ತಿನದಲ್ಲ. ಸೂತ್ರ ಚೆನ್ನಾಗಿ ಕೂತಿತು ಎಂದ ಮಾತ್ರಕ್ಕೆ "ಒಂದೇ ಪದರ ಇದೆ ಎಂದು ಸಾಬೀತಾಯಿತು" ಎನ್ನುವ ಹಾಗಿಲ್ಲ.

ಆರ್‌ಎಲ್ ಎಂಬ, ಇದೇ ಸೂತ್ರದ ಸ್ಥಿರಾಂಕದಿಂದ ಬರುವ ಇನ್ನೊಂದು ಅಂಕಿ ಹಾಕಿ "ಸೊನ್ನೆ ಮತ್ತು ಒಂದರ ನಡುವೆ ಇದೆ, ಹಾಗಾಗಿ ಅನುಕೂಲಕರ" ಎನ್ನುತ್ತಾರೆ. ಲ್ಯಾಂಗ್‌ಮ್ಯೂರ್ ಸ್ಥಿರಾಂಕ ಧನ ಆಗಿದ್ದರೆ ಅದು ಯಾವಾಗಲೂ ಸೊನ್ನೆ ಮತ್ತು ಒಂದರ ನಡುವೆಯೇ ಬರುತ್ತದೆ. ಬೇರೆ ಕಡೆ ಹೋಗಲು ದಾರಿಯೇ ಇಲ್ಲ. ಪುಟ ತುಂಬಿಸಲು ಇದು ಬೇಡ.

ತಾಪದ ಪ್ರಯೋಗ ಮಾಡುವುದಾದರೆ 30, 40, 50 ಡಿಗ್ರಿಯಲ್ಲಿ ಐಸೋಥರ್ಮ್ ಮತ್ತೆ ಮಾಡಿ. ಅಂಟುವಾಗ ಶಾಖ ಬಿಡುತ್ತದೆಯೋ ಹೀರುತ್ತದೆಯೋ ಎಂದು ತಿಳಿಯಲು ಐಸೋಥರ್ಮಿನ ಸ್ಥಿರಾಂಕದ ಲಾಗ್ ತೆಗೆಯುತ್ತಾರೆ. ಲಾಗ್ ಹಾಕುವ ಮೊದಲು ಸ್ಥಿರಾಂಕಕ್ಕೆ ಯೂನಿಟ್ ಇಲ್ಲದ ಹಾಗೆ ಮಾಡಿಕೊಳ್ಳಿ. ವೈವಾದಲ್ಲಿ ಕೇಳುವುದು ಇದನ್ನೇ.

ನಲ್ಲಿ ನೀರು, ಆಮೇಲೆ ಕಾಲಂ

ಡಿಸ್ಟಿಲ್ಡ್ ವಾಟರ್‌ನಲ್ಲಿ ಎಲ್ಲ ಇದ್ದಿಲೂ ಹೀರೋ. ಅದೇ ಪ್ರಯೋಗವನ್ನು ನಿಮ್ಮ ಕಾಲೇಜಿನ ಬೋರ್‌ವೆಲ್ ನೀರಿನಲ್ಲಿ ಬಣ್ಣ ಬೆರೆಸಿ ಮಾಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಧನ ವಿದ್ಯುದಂಶದವು, ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಕ್ಯೂ ಎಷ್ಟು ಇಳಿಯಿತು ಎಂಬುದನ್ನು ಮುಚ್ಚಿಡದೆ ಬರೆಯಿರಿ, ವರದಿಯ ತೂಕ ಏರುತ್ತದೆ.

ಕಾಲಂಗೆ 50 ಮಿಲಿ ಬ್ಯುರೆಟ್ ಸಾಕು. ಕೆಳಗೆ ಗ್ಲಾಸ್ ವೂಲ್, ಮೇಲೆ ಎತ್ತಿಟ್ಟ ಕಾಳು ಇದ್ದಿಲು. ಒಣಗಿದ್ದನ್ನೇ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ನೀರು ಪಕ್ಕದಿಂದ ದಾರಿ ಮಾಡಿಕೊಂಡು ಹೋಗುತ್ತದೆ. ಇದ್ದಿಲನ್ನು ನೀರಿನಲ್ಲಿ ಕುದಿಸಿ, ನೀರಿನ ಸಮೇತ ಸುರಿಯಿರಿ. ಒಂದು ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಪದರ ಅಂದರೆ ಸುಮಾರು 7.9 ಮಿಲಿ. ನಿಮಿಷಕ್ಕೆ 2 ಮಿಲಿ ಬಿಟ್ಟರೆ ನೀರಿಗೆ ಪದರದಲ್ಲಿ ಸಿಗುವ ಹೊತ್ತು 4 ನಿಮಿಷ. ಹೊರಬರುವ ನೀರಿನಲ್ಲಿ ಬಣ್ಣ ಆರಂಭದ ಶೇ 5 ಮುಟ್ಟಿದ ಕ್ಷಣ ಗುರುತು ಮಾಡಿ. ಅಲ್ಲಿಯವರೆಗೆ ಎಷ್ಟು ಲೀಟರ್ ದಾಟಿತು ಎಂಬುದೇ ಫಿಲ್ಟರ್ ಮಾಡುವವರಿಗೆ ಬೇಕಾದ ಅಂಕಿ.

ಬಣ್ಣ ಹಿಡಿದ ಇದ್ದಿಲನ್ನು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ ಅಥವಾ ಎಥನಾಲ್‌ನಲ್ಲಿ ತೊಳೆದು ಮತ್ತೆ ಬಳಸಿ ನೋಡಿ. ಪ್ರತಿ ಸುತ್ತಿಗೂ ಕ್ಯೂ ಎಷ್ಟು ಇಳಿಯಿತು ಎಂದು ಬರೆಯಿರಿ. ತೊಳೆದ ನೀಲಿ ನೀರು ಸಿಂಕಿಗೆ ಹೋಗಬಾರದು. ಮುಗಿದ ಇದ್ದಿಲೂ ಗಿಡದ ಬುಡಕ್ಕಲ್ಲ. ಎರಡೂ ಲ್ಯಾಬಿನ ಕೆಮಿಕಲ್ ವೇಸ್ಟ್ ಡಬ್ಬಕ್ಕೆ.

ಬಣ್ಣ ಬಿಟ್ಟು ಫ್ಲೋರೈಡಿಗೆ ಹೋಗುವುದಾದರೆ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಕೇಳುವುದು ಬಣ್ಣದ ಬಗ್ಗೆ ಅಲ್ಲ, ಫ್ಲೋರೈಡ್ ಬಗ್ಗೆ. ಕುಡಿಯುವ ನೀರಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಇಲ್ಲಿ ಕರಟದ ಇದ್ದಿಲು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಆಕ್ಟಿವೇಟೆಡ್ ಅಲ್ಯೂಮಿನಾ ಅಥವಾ ಮೂಳೆಯ ಇದ್ದಿಲು ಬೇಕು. ಅಲ್ಯೂಮಿನಾ ಚೆನ್ನಾಗಿ ಹಿಡಿಯುವುದು ಪಿಎಚ್ 5.5ರಿಂದ 6ರಲ್ಲಿ. ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ 7 ದಾಟಿರುತ್ತದೆ, ಬೈಕಾರ್ಬನೇಟ್ ಕೂಡ ತುಂಬಿರುತ್ತದೆ. ಹಾಗಾಗಿ ಪುಸ್ತಕದ ಕ್ಯೂ ನೋಡಿ ಫಿಲ್ಟರ್ ಅಳತೆ ಮಾಡಬೇಡಿ, ಊರಿನ ನೀರಿನಲ್ಲೇ ಐಸೋಥರ್ಮ್ ಮಾಡಿ. ಇಂಥ ಕೆಲಸ ಹಳ್ಳಿಗೂ ಮುಟ್ಟಬಲ್ಲದು. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಆರ್ಸೆನಿಕ್ ತೆಗೆಯಲು ಕಬ್ಬಿಣದ ಸಂಯುಕ್ತವನ್ನು ಸಿಗಡಿ, ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಜೊತೆ ಸೇರಿಸಿ ವಸ್ತು ಮಾಡಿತು. ಆ ಕೆಲಸ ಲ್ಯಾಬಿನಲ್ಲೇ ಉಳಿಯದೆ ಹಳ್ಳಿಗಳ ನೀರಿನ ಘಟಕಗಳವರೆಗೆ ಹೋಯಿತು.

ಫ್ಲೋರೈಡ್ ಅಳೆಯಲು ಸ್ಪೆಕ್ಟ್ರೋಫೋಟೋಮೀಟರ್‌ಗಿಂತ ಫ್ಲೋರೈಡನ್ನೇ ಗುರುತಿಸುವ ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಸುಲಭ. ಸ್ಯಾಂಪಲ್‌ಗೆ ಸಮ ಪ್ರಮಾಣದ ಟಿಸಾಬ್ ಬಫರ್ ಸೇರಿಸಿ, ಅದು ಪಿಎಚ್ ಮತ್ತು ಅಯಾನುಗಳ ಬಲವನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುವುದರಿಂದ ಬಾಟಲಿ, ಬೀಕರ್ ಎಲ್ಲ ಪ್ಲಾಸ್ಟಿಕ್ಕಿನದೇ ಇರಲಿ. ನೀರು ತರಲು ಹೋದಾಗ ಮೋಟರ್ ಹಾಕಿದ ತಕ್ಷಣ ಹಿಡಿಯಬೇಡಿ. ಪೈಪಿನಲ್ಲಿ ನಿಂತ ನೀರು ಹೋಗಿ ಹೊಸ ನೀರು ಬರಲಿ. ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ತುಂಬಿ, ಅಲ್ಲೇ ಪಿಎಚ್ ನೋಡಿ. ಬೋರ್‌ವೆಲ್‌ನ ಆಳ, ತಾರೀಖು, ಮಳೆಗೆ ಮುಂಚೆಯೋ ಆಮೇಲೋ ಎಂಬುದನ್ನು ಬಾಟಲಿ ಮೇಲೆ ಅಳಿಸದ ಪೆನ್ನಿನಲ್ಲಿ ಬರೆಯಿರಿ.